ಕಟ್ಟಿಮ್ಯಾಗಿನ ಸಿಬಿಐ

ಬಗೆಹರಿಯದ ಕೊಲೆ ಎಂಬುದು ನಮ್ಮ ಇಳಕಲ್ಲಿನಲ್ಲಿ ಇಲ್ಲವೇ ಇಲ್ಲ. ಸಿಬಿಐಗೆ ಸಿಗದ ಹಂತಕ ನಮ್ಮ ಕಟ್ಟೆಗೆ ಅರ್ಧ ಕಪ್ ಚಾ ಮುಗಿಯುವುದರೊಳಗೆ ಸಿಗುತ್ತಾನೆ. ಮಿರ್ಚಿ ಭಜಿ ಬಂತೆಂದರೆ ಅವನು ಯಾಕೆ ಕೊಂದ ಎಂಬುದೂ ಹೊರಬೀಳುತ್ತದೆ.

ಮೊನ್ನೆ ಆರುಷಿ–ಹೇಮರಾಜ್ ಜೋಡಿ ಕೊಲೆಯ ಮಾತು ಬಂತು. ಬಾಗಲಕೋಟೆಯಿಂದ ಬಂದಿದ್ದ ಅಳಿಯಂದಿರು ತಡಮಾಡದೆ ತೀರ್ಪು ಕೊಟ್ಟರು: "ಮಾವಾರ, ಮಾರಿ ನೋಡಿದ್ರ ತಿಳೀತೈತಿ ಬಿಡ್ರಿ." ಮಾರಿ ನೋಡಿ ಹಿಡಿಯುವುದಾದರೆ ನಮ್ಮ ಕಟ್ಟೆಯ ಅರ್ಧ ಮಂದಿ ಹಿಂಡಲಗಾ ಜೈಲಿನಲ್ಲಿರಬೇಕಿತ್ತು, ಸುಮ್ಮನಾದೆ.

2008ರ ಮೇ 16ರಂದು ನೊಯಿಡಾದ ಮನೆಯಲ್ಲಿ ಹುಡುಗಿಯ ಹೆಣ ಸಿಕ್ಕಾಗಲೂ ಹೀಗೇ. ಮನೆಗೆಲಸದ ಹೇಮರಾಜ್ ಕಾಣುತ್ತಿಲ್ಲ, ಅವನೇ ಕೊಂದು ಓಡಿದ ಎಂದರು ಪೊಲೀಸರು. ನಮ್ಮ ಕಟ್ಟೆ ಅವತ್ತೇ ಸಂಜೆ ಅವನನ್ನು ಗಲ್ಲಿಗೂ ಹಾಕಿತ್ತು. ಮರುದಿನ ನೋಡಿದರೆ ಅದೇ ಮನೆಯ ಮಾಳಿಗೆಯ ಮೇಲೆ, ಬೀಗ ಹಾಕಿದ ಬಾಗಿಲಾಚೆ, ಅವನದೂ ಹೆಣ! ಕಟ್ಟೆ ನಾಚಿಕೊಂಡಿತೆ? ಛೇ, ಹೊಸ ಆರೋಪಿಯನ್ನು ಹುಡುಕಿತು.

ಹುನಗುಂದ ಕೋರ್ಟಿನಲ್ಲಿ ವಕೀಲರ ಗುಮಾಸ್ತರಾಗಿದ್ದ ಹಿರಿಯರೊಬ್ಬರಿಗೆ ಮಂಪರು ಪರೀಕ್ಷೆಯೆಂದರೆ ವೇದ. "ನಮ್ಮ ಬೆಂಗಳೂರಾಗ ಸೂಜಿ ಚುಚ್ಚಿ ಕೇಳ್ಯಾರ್ರೀ, ಸುಳ್ಳ ಹ್ಯಾಂಗ ಬರ್ತೈತಿ?" ಒಲ್ಲೆನ್ನುವವರಿಗೆ ಚುಚ್ಚುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಅದೂ ಕರ್ನಾಟಕ ಸರ್ಕಾರದ ವಿರುದ್ಧದ ಕೇಸಿನಲ್ಲೇ, ಎಂದೆ. "ಅದು ಬ್ಯಾರೆ ಮ್ಯಾಟರ್."

ಬಾದಾಮಿಯ ಬೀಗರದು ಇನ್ನೂ ದೊಡ್ಡ ಕೇಸು: ವಾತಾಪಿ–ಇಲ್ವಲರ ಜೋಡಿ ಕೊಲೆ. ಆರೋಪಿ ಅಗಸ್ತ್ಯ, ಊರವರು ಹಿಡಿದುಕೊಡುವ ಬದಲು ಹೊಂಡಕ್ಕೇ ಅವನ ಹೆಸರಿಟ್ಟರು. ಗುಮಾಸ್ತರು ತಲೆಯಾಡಿಸಿದರು: "ವಾತಾಪಿ ಹೆಣಾನ ಜೀರ್ಣ ಮಾಡ್ಯಾನ. ಕೇಸ್ ನಿಲ್ಲಂಗಿಲ್ಲ."

ಮೂಲೆಯಲ್ಲಿ ಕೂತಿದ್ದ ನೇಕಾರ ಕಾಕಾ ಆಗ ಬಾಯಿ ತೆಗೆದರು. "ತಮ್ಮಾ, ಸೀರಿ ಒಡಲು ಬ್ಯಾರೆ, ಸೆರಗು ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತೀವಿ. ನೀವು ಕೊಂಡಿ ಹಾಕದನ ಸೆರಗ ಹೊದ್ದೀರಿ."

2017ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟ್ ಹುಡುಗಿಯ ತಂದೆತಾಯಿಯನ್ನು ಬಿಡುಗಡೆ ಮಾಡುವಾಗ ಆಡಿದ್ದೂ ಹೆಚ್ಚುಕಡಿಮೆ ಇದೇ ಮಾತು: ಸಾಕ್ಷ್ಯದ ಸರಪಳಿ ಕೂಡಿಲ್ಲ. ಶಿಕ್ಷೆ ಕೊಟ್ಟಿದ್ದ ಕೆಳಗಿನ ಕೋರ್ಟು ಸಿನಿಮಾ ನಿರ್ದೇಶಕನ ಹಾಗೆ ಕಥೆ ಹೊಂದಿಸಿದೆ ಎಂದು ಪೀಠದ ನ್ಯಾಯಮೂರ್ತಿಯೊಬ್ಬರು ಚುಚ್ಚಿದರು. ನಮ್ಮ ಕಟ್ಟೆಯ ಮೇಲೆ ಅಂಥ ನಿರ್ದೇಶಕರು ಹನ್ನೊಂದು ಮಂದಿ.

"ಆ ಕೂಸಿನ ವಯಸ್ಸೆಷ್ಟಿತ್ತಪಾ?" ಕಾಕಾ ಕೇಳಿದರು.

ಹನ್ನೊಂದು ಮಂದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. 14 ತುಂಬಲು ಇನ್ನೂ ಎಂಟು ದಿನವಿತ್ತು.