ಗುಟ್ಟಪ್ಪನವರ ನ್ಯೂ ಫೋಲ್ಡರ್

ಗುಟ್ಟಪ್ಪ ಎಂಬುದು ಒಬ್ಬರ ಹೆಸರಲ್ಲ, ಒಂದು ಪಂಗಡದ ಹೆಸರು. ವಯಸ್ಸು ನಲವತ್ತೈದರ ಆಚೆಗೆ. ಕೆಲಸ ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಸರ್ಕಾರಿ ಕಚೇರಿಯಲ್ಲೋ. ಮನೆಯಲ್ಲಿ ಒಂದು ಲ್ಯಾಪ್‌ಟಾಪು, ಆ ಲ್ಯಾಪ್‌ಟಾಪಿನಲ್ಲಿ ಒಂದು ಗುಟ್ಟು. ಹೆಂಡತಿ ಕಾಫಿ ತಂದರೆ ಸ್ಕ್ರೀನನ್ನು ಅರ್ಧ ಮಡಚುವವರು, ಮಗ ಬೆನ್ನ ಹಿಂದೆ ಹಾದರೆ ಎಕ್ಸೆಲ್ ಶೀಟನ್ನು ಥಟ್ಟನೆ ಕೆಳಗಿಳಿಸಿ ಬರಿಯ ಡೆಸ್ಕ್‌ಟಾಪನ್ನೇ ಗಂಭೀರವಾಗಿ ದಿಟ್ಟಿಸುವವರು ಇವರೇ. ಗುಟ್ಟಿನ ದಾರಿ ಹೀಗೆ: ಡಿ ಡ್ರೈವ್‌ಗೆ ಹೋದರೆ ‘ಹಳೇ ಪ್ರಿಂಟರ್ ಡ್ರೈವರ್’, ಅದರೊಳಗೆ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ (2)’, ‘ನ್ಯೂ ಫೋಲ್ಡರ್ (3)’. ಮೊದಲೆರಡು ಖಾಲಿ, ಶತ್ರುವಿನ ದಾರಿ ತಪ್ಪಿಸುವುದಕ್ಕೆ. ಮೂರನೆಯದರಲ್ಲಿ ‘ಡಿಲೀಟ್ ಮಾಡಬೇಕು’ ಎಂಬ ಇನ್ನೊಂದು ಫೋಲ್ಡರು, ಅದರೊಳಗೆ ಸರ್ವಸ್ವವೂ. ಜನ ಊಹಿಸುವಂಥದ್ದು ಅಲ್ಲಿ ಏನೂ ಇಲ್ಲ. ಸೈಟಿನ ಕ್ರಯಪತ್ರದ ಸ್ಕ್ಯಾನು, ಯಾವ ಬ್ಯಾಂಕಿನಲ್ಲಿ ಎಷ್ಟು ಎಫ್‌ಡಿ ಎಂಬ ಪಟ್ಟಿ, ಭಾವಮೈದುನನಿಗೆ ಕೊಟ್ಟು ವಾಪಸು ಬಾರದ ಸಾಲದ ಲೆಕ್ಕ, ಮೇಲಧಿಕಾರಿಗೆ ಬರೆದು ಕಳಿಸದೇ ಉಳಿದ ರಾಜೀನಾಮೆ ಪತ್ರ, ಹನ್ನೊಂದನೆಯ ಪುಟದಲ್ಲಿ ನಿಂತುಹೋದ ಒಂದು ಕಾದಂಬರಿ. ನಾಚಿಕೆಪಡಬೇಕಾದದ್ದು ಇದ್ದರೆ ಆ ಕಾದಂಬರಿ ಒಂದೇ. ಗುಟ್ಟಪ್ಪನವರಿಗೆ ಗುಟ್ಟಿದೆ ಎಂಬುದಕ್ಕೆ ನನ್ನ ತಕರಾರಿಲ್ಲ. ಅವರು ಜೀವಮಾನವಿಡೀ ಬಚ್ಚಿಡುತ್ತಾರೆಯೇ ಹೊರತು ಬೀಗ ಹಾಕುವುದಿಲ್ಲ. ಬಚ್ಚಿಡುವುದು ನೋಡುವ ಆಸೆಯೇ ಇಲ್ಲದವರಿಂದ, ಬಿಚ್ಚಿಡುವುದು ಗುರುತು ಪರಿಚಯವೇ ಇಲ್ಲದವರ ಮುಂದೆ. ನನ್ನ ತಕರಾರು ಇಷ್ಟೇ.

ಬಚ್ಚಿಡುವ ವಿದ್ಯೆಯಲ್ಲಿ ಅವರು ಪಂಡಿತರು, ಅದನ್ನು ಒಪ್ಪಬೇಕು. ಡಾಸ್ ಕಾಲದ ಕಪ್ಪು ಸ್ಕ್ರೀನಿನ ಮೇಲೆ ‘ಆಟ್ರಿಬ್’ ಎಂದು ಹೊಡೆದು, ಮುಂದೆ ಒಂದು ಪ್ಲಸ್ ಎಚ್ ಸೇರಿಸಿ ಫೈಲನ್ನು ಮಾಯ ಮಾಡಿದವರು. ವಿಂಡೋಸ್ ಬಂದ ಮೇಲೆ ಆ ಮಂತ್ರ ರೈಟ್ ಕ್ಲಿಕ್, ಪ್ರಾಪರ್ಟೀಸ್, ‘ಹಿಡನ್’ ಎಂಬಲ್ಲಿ ಒಂದು ಟಿಕ್, ಇಷ್ಟಕ್ಕೆ ಇಳಿಯಿತು. ಎಕ್ಸ್‌ಪಿ ದಿನಗಳಲ್ಲಿ ಆಲ್ಟ್ ಕೀ ಒತ್ತಿ ಹಿಡಿದು 255 ಹೊಡೆದು ಫೋಲ್ಡರಿಗೆ ಹೆಸರೇ ಇಲ್ಲದಂತೆ ಮಾಡಿ, ಖಾಲಿ ಐಕಾನೊಂದನ್ನು ಹುಡುಕಿ ಹಚ್ಚಿ, ಡೆಸ್ಕ್‌ಟಾಪಿನ ನಟ್ಟನಡುವೆ ಅದೃಶ್ಯ ಫೋಲ್ಡರ್ ಇಟ್ಟ ಸಾಹಸವನ್ನು ಮದುವೆ ಮನೆಗಳಲ್ಲಿ ಇವತ್ತಿಗೂ ಹೇಳುತ್ತಾರೆ. (ಅದೃಶ್ಯ ಫೋಲ್ಡರ್ ಎಲ್ಲಿದೆ ಎಂದು ಇನ್ನೂರು ಜನರಿಗೆ ಹೇಳಿದ ಮೇಲೆ ಅದನ್ನು ಏನೆಂದು ಕರೆಯಬೇಕೋ.) ಸಿ ಓ ಎನ್ ಎಂಬ ಹೆಸರಿನ ಫೋಲ್ಡರನ್ನು ಯಾರಿಂದಲೂ ಮಾಡಲಾಗದು, ಏಕೆಂದು ಮೈಕ್ರೋಸಾಫ್ಟಿಗೂ ಗೊತ್ತಿಲ್ಲ ಎಂಬ ಫಾರ್ವರ್ಡ್ ಇಮೇಲನ್ನು ಊರಿಗೆಲ್ಲ ಹಂಚಿದವರೂ ಇವರೇ. ಕಾರಣ ಮೈಕ್ರೋಸಾಫ್ಟಿಗೆ ಚೆನ್ನಾಗಿಯೇ ಗೊತ್ತು: ಪ್ರಿಂಟರಿಗೆ ಪಿಆರ್‌ಎನ್ ಎಂಬ ಹೆಸರು ಮೀಸಲಾದಂತೆ ಕೀಬೋರ್ಡು-ಸ್ಕ್ರೀನುಗಳಿಗೆ ಆ ಹೆಸರು ಡಾಸ್ ಕಾಲದಿಂದಲೇ ಮೀಸಲು. ಅಂತೂ ಇಷ್ಟೆಲ್ಲ ಪಾಂಡಿತ್ಯ ಎಲ್ಲಿಯವರೆಗೆ? ‘ವ್ಯೂ’ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ಗೆ ಯಾರಾದರೂ ಒಂದು ಟಿಕ್ ಹಾಕುವವರೆಗೆ. ಹಾಕಿದೊಡನೆ ಬಚ್ಚಿಟ್ಟದ್ದೆಲ್ಲ ಹೊರಗೆ ಬರುತ್ತದೆ, ಅದೂ ಉಳಿದವಕ್ಕಿಂತ ತುಸು ಮಸುಕಾದ ಬಣ್ಣದಲ್ಲಿ. ಅಂದರೆ ನೂರು ಫೋಲ್ಡರುಗಳ ನಡುವೆ ಮಾಲೀಕರು ಯಾವುದಕ್ಕೆ ಹೆದರುತ್ತಾರೆ ಎಂಬುದನ್ನು ಕಂಪ್ಯೂಟರೇ ಗುರುತು ಮಾಡಿ ತೋರಿಸಿಕೊಡುತ್ತದೆ. ಬಚ್ಚಿಡದೆ ಇದ್ದಿದ್ದರೆ ಆ ‘ಹಳೇ ಪ್ರಿಂಟರ್ ಡ್ರೈವರ್’ ಕಡೆಗೆ ಯಾರೂ ತಿರುಗಿ ಸಹ ನೋಡುತ್ತಿರಲಿಲ್ಲ. ಅದೂ ಬೇಡ, ಸುಮ್ಮನೆ ವರ್ಡ್ ತೆರೆದರೆ ಸಾಕು: ‘ರೀಸೆಂಟ್’ ಪಟ್ಟಿಯ ಮೊದಲ ಸಾಲಿನಲ್ಲೇ ‘ರಾಜೀನಾಮೆ ಫೈನಲ್ (4)’ ಕೂತಿರುತ್ತದೆ, ಯಾವ ಡ್ರೈವು, ಯಾವ ಫೋಲ್ಡರು ಎಂಬ ಪೂರ್ತಿ ವಿಳಾಸದ ಸಮೇತ.

ಗುಟ್ಟಪ್ಪನವರ ಪರವಾಗಿ ಒಂದು ಮಾತು ಹೇಳಬಹುದು. ನಮ್ಮ ಅಜ್ಜಿಯಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಟ್ಟು ಮೂರು ತಲೆಮಾರು ಸಂಸಾರ ನಡೆಸಲಿಲ್ಲವೇ? ಯಾವ ಬೀಗವಿತ್ತು ಅದಕ್ಕೆ? ವಾದ ಚೆನ್ನಾಗಿದೆ, ಆದರೆ ಡಬ್ಬಿ ಗೆದ್ದದ್ದು ಏತಕ್ಕೆ ಎಂಬುದನ್ನು ಅದು ಮರೆಯುತ್ತದೆ. ಅಡುಗೆಮನೆಯ ನಾಗಂದಿಗೆಯಲ್ಲಿ ಮೂವತ್ತು ಡಬ್ಬಿಗಳು. ಕಳ್ಳ ಒಂದೊಂದನ್ನೇ ಇಳಿಸಿ, ಮುಚ್ಚಳ ತೆಗೆದು, ಕೈ ಹಾಕಿ, ಸದ್ದಾಗದಂತೆ ಮತ್ತೆ ಇಡಬೇಕು. ಹುಡುಕುವುದಕ್ಕೆ ಶ್ರಮವಿದ್ದಲ್ಲಿ ಬಚ್ಚಿಡುವುದಕ್ಕೆ ಅರ್ಥವಿದೆ. ಕಂಪ್ಯೂಟರು ಮಾಡಿರುವ ಮುಖ್ಯ ಉಪಕಾರವೆಂದರೆ ಹುಡುಕುವ ಶ್ರಮವನ್ನು ಇಲ್ಲವಾಗಿಸಿದ್ದು. ಸರ್ಚ್ ಜಾಗದಲ್ಲಿ ಪಿಡಿಎಫ್ ಎಂದು ಹೊಡೆದರೆ ಸಾಕು, ಏಳು ಫೋಲ್ಡರಿನ ಆಳದಲ್ಲಿರುವುದೂ ಒಂದು ಫೋಲ್ಡರಿನ ಆಳದಲ್ಲಿರುವುದೂ ಅದಕ್ಕೆ ಒಂದೇ. ಬಚ್ಚಿಡುವುದನ್ನು ನೆಚ್ಚಬಾರದೆಂಬ ಮಾತು ಕಂಪ್ಯೂಟರಿಗಿಂತಲೂ ಹಳೆಯದು. ಹಾಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಭಾಷೆಗಳನ್ನು ಕಲಿಸುತ್ತಿದ್ದ ಆಗುಸ್ಟ್ ಕೆರ್ಕ್‌ಹಾಫ್ಸ್ ಎಂಬ ಮೇಷ್ಟರು 1883ರಲ್ಲಿ ಫ್ರೆಂಚ್ ಸೈನ್ಯವಿಜ್ಞಾನದ ಪತ್ರಿಕೆಯೊಂದರಲ್ಲಿ ಗೂಢಲಿಪಿಯ ಬಗ್ಗೆ ಬರೆದರು. ನಿಮ್ಮ ವಿಧಾನ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟೆಲ್ಲ ಕೀಲಿಯೊಂದರಲ್ಲೇ ಇರಬೇಕು ಎಂಬುದು ಅವರ ವಾದದ ತಿರುಳು. ಗುಟ್ಟಪ್ಪನವರದು ಇದಕ್ಕೆ ತದ್ವಿರುದ್ಧ: ವಿಧಾನವೆಲ್ಲ ಗುಟ್ಟು, ಕೀಲಿ ಮಾತ್ರ ಇಲ್ಲವೇ ಇಲ್ಲ.

ಇನ್ನು ಅವರು ಯಾರಿಗೆ ಹೆದರುತ್ತಾರೆ, ಯಾರನ್ನು ನಂಬುತ್ತಾರೆ ಎಂಬ ವಿಚಾರ. ಹೆದರುವುದು ಮನೆಯವರಿಗೆ. ಆ ಮನೆಯವರಿಗಾದರೋ ಎಫ್‌ಡಿ ಎಷ್ಟೆಂಬುದು ಪಾಸ್‌ಬುಕ್ಕಿನಿಂದಲೂ, ಭಾವಮೈದುನನ ಸಾಲ ಭಾವಮೈದುನನಿಂದಲೂ, ಕಾದಂಬರಿಯ ಸಂಗತಿ ಊಟದ ಹೊತ್ತಿನ ಅವರದೇ ನಿಟ್ಟುಸಿರಿನಿಂದಲೂ ಗೊತ್ತು. ನಂಬುವುದು ರಿಪೇರಿಯವರನ್ನು. ಲ್ಯಾಪ್‌ಟಾಪಿನ ಹಿಂಜ್ ಮುರಿಯಿತು ಅಥವಾ ಸೌಂಡು ನಿಂತಿತು ಅನ್ನಿ. ಗುಟ್ಟಪ್ಪನವರು ಎಸ್‌.ಪಿ. ರಸ್ತೆಗೋ ಬೀದಿ ಕೊನೆಯ ಅಂಗಡಿಗೋ ಹೋಗಿ, ಕೌಂಟರಿನ ಮೇಲೆ ಯಂತ್ರ ಇಟ್ಟು, ‘ಪಾಸ್‌ವರ್ಡ್ ಏನ್ ಸಾರ್?’ ಎಂದು ಹುಡುಗ ಕೇಳಿದ ಕೂಡಲೇ ಮಗಳ ಹೆಸರು, ಅಟ್, ಒಂದು ಎರಡು ಮೂರು ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳುತ್ತಾರೆ. ಅವನು ಅದನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಮೇಲೆ ಸೆಲ್ಲೋಟೇಪಿನಿಂದ ಅಂಟಿಸುತ್ತಾನೆ. ಹೆಂಡತಿ ಕಾಫಿ ತಂದಾಗ ಮಡಚಿದ್ದ ಅದೇ ಲ್ಯಾಪ್‌ಟಾಪು ನಾಲ್ಕು ದಿನ ಅಲ್ಲಿ ಬಾಯ್ತೆರೆದು ಕೂತಿರುತ್ತದೆ.

ರಿಪೇರಿಯವರೆಲ್ಲ ಕಳ್ಳರು ಎಂದು ನಾನು ಹೇಳುತ್ತಿಲ್ಲ. ಬಹಳ ಮಂದಿಗೆ ಇಣುಕಲು ಪುರುಸೊತ್ತೂ ಇಲ್ಲ. ಆದರೂ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಹೊರತಂದ ಅಧ್ಯಯನವನ್ನು ಗುಟ್ಟಪ್ಪನವರು ಓದಬೇಕು. ಸೌಂಡ್ ಬಾರದಂತೆ ತಾವೇ ಸಣ್ಣದಾಗಿ ಕೆಡಿಸಿದ ಲ್ಯಾಪ್‌ಟಾಪುಗಳನ್ನು ಅವರು ರಿಪೇರಿಗೆ ಕೊಟ್ಟರು. ಒಳಗೆ ಏನೇನು ತೆರೆದರೆಂಬುದು ಗುಟ್ಟಾಗಿ ದಾಖಲಾಗುವಂತೆ ಮಾಡಿದ್ದರು. ಹದಿನಾರರಲ್ಲಿ ಆರು ಕಡೆ ಗ್ರಾಹಕರ ಖಾಸಗಿ ಫೈಲುಗಳಲ್ಲಿ ಕೈಯಾಡಿಸಿದ್ದರು, ಎರಡು ಕಡೆ ಕಾಪಿಯನ್ನೂ ಮಾಡಿಕೊಂಡಿದ್ದರು, ಕೆಲವರು ಇಣುಕಿದ ಗುರುತನ್ನು ಅಳಿಸಲು ಹೊರಟಿದ್ದರು. ಹೆಂಗಸರ ಲ್ಯಾಪ್‌ಟಾಪುಗಳಲ್ಲಿ ಇಣುಕು ಹೆಚ್ಚು. ಗುಟ್ಟಮ್ಮನವರು ಇದನ್ನು ವಿಶೇಷವಾಗಿ ಗಮನಿಸಬೇಕು. 2008ರಲ್ಲಿ ಹಾಂಗ್‌ಕಾಂಗ್‌ನ ನಟ ಎಡಿಸನ್ ಚೆನ್ ಅವರ ಖಾಸಗಿ ಚಿತ್ರಗಳು ಲೋಕಕ್ಕೆಲ್ಲ ಹರಡಿ ದೊಡ್ಡ ರಾದ್ಧಾಂತವಾದಾಗ, ಅವು ಹೊರಬಿದ್ದದ್ದು ರಿಪೇರಿಗೆ ಹೋದ ಅವರ ಲ್ಯಾಪ್‌ಟಾಪಿನಿಂದಲೇ. ಪಾಸ್‌ವರ್ಡ್ ಹೇಳದೇ ಇದ್ದರೆ ಆಯಿತಲ್ಲ ಎನ್ನುತ್ತೀರಾ? ವಿಂಡೋಸ್ ಶುರುವಾಗುವಾಗ ಕೇಳುವ ಆ ಪಾಸ್‌ವರ್ಡು ಕಾಯುವುದು ಬಾಗಿಲನ್ನು ಮಾತ್ರ. ಡಿಸ್ಕಿನಲ್ಲಿರುವುದು ಗೂಢಲಿಪಿಗೆ ತಿರುಗಿರದಿದ್ದರೆ, ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದರೂ, ಡಿಸ್ಕನ್ನೇ ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿದರೂ ಎಲ್ಲ ಫೈಲುಗಳೂ ಪಾಸ್‌ವರ್ಡಿನ ಹಂಗಿಲ್ಲದೆ ಓದಲು ಸಿಗುತ್ತವೆ.

ಇಲ್ಲಿ ಹಿರಿಯರೊಬ್ಬರು ಎದ್ದು ನಿಂತು, ತಪ್ಪು ಮಾಡದವನಿಗೆ ಮುಚ್ಚಿಡುವಂಥದ್ದೇನಿದೆ ಎಂದು ಕೇಳಿಯೇ ಕೇಳುತ್ತಾರೆ. ಅವರಿಗೆ ನಮ್ಮವರೇ ಒಬ್ಬರು ಉತ್ತರ ಕೊಡಿಸಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ತಪ್ಪು ಮಾಡಿದವರಿಗಷ್ಟೇ ಆ ಹಕ್ಕು ಎಂದೇನೂ ಹೇಳಲಿಲ್ಲ. ಎದ್ದು ನಿಂತ ಹಿರಿಯರೂ ಸಂಬಳದ ಚೀಟಿಯನ್ನು ಬಾಗಿಲಿಗೆ ಅಂಟಿಸಿಕೊಂಡು ಬಂದವರಲ್ಲ. ‘ನನ್ನ ಫೈಲು ಯಾರಿಗೆ ಬೇಕು ಬಿಡಿ’ ಎಂಬ ಇನ್ನೊಂದು ವಾದ ಹೆಚ್ಚು ವಿನಯದ್ದು, ಹೆಚ್ಚು ಅಪಾಯದ್ದೂ ಹೌದು. ಕಾದಂಬರಿ ಯಾರಿಗೂ ಬೇಡ, ನಿಜ. ಪಕ್ಕದಲ್ಲಿರುವ ಆಧಾರ್ ಪ್ರತಿ, ಪ್ಯಾನ್ ಕಾರ್ಡು, ಸಹಿ ಹಾಕಿದ ಖಾಲಿ ಚೆಕ್ಕಿನ ಸ್ಕ್ಯಾನು? ಇಷ್ಟಿದ್ದರೆ ಕಾಣದ ಊರಿನವನೊಬ್ಬ ಗುಟ್ಟಪ್ಪನವರ ಹೆಸರಿನಲ್ಲಿ ಸಾಲಕ್ಕೆ ಅರ್ಜಿ ಹಾಕಲು ಅರ್ಧ ದಾರಿ ನಡೆದಂತೆ. ಡೌನ್‌ಲೋಡ್ ಮಾಡಿದ ಆಧಾರಿಗೆ ಪಾಸ್‌ವರ್ಡ್ ಇದೆಯಲ್ಲ ಎನ್ನುವುದಾದರೆ, ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಮುಂದೆ ಹುಟ್ಟಿದ ಇಸವಿ. ದೇಶದಲ್ಲಿ ಎಲ್ಲರಿಗೂ ಒಂದೇ ಸೂತ್ರ. ಗುಟ್ಟಪ್ಪನವರ ಷಷ್ಟ್ಯಬ್ದಿಯ ಆಮಂತ್ರಣ ತಲುಪಿದವರಿಗೆಲ್ಲ ಆ ಎರಡೂ ಗೊತ್ತು.

ಹಾಗಾದರೆ ನಿಜವಾದ ಬೀಗ ಎಲ್ಲಿದೆ? ಬಹುಮಟ್ಟಿಗೆ ಅವರ ಯಂತ್ರದಲ್ಲೇ ಇದೆ. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್, ಹೋಮ್ ಇದ್ದರೆ ಹೊಸ ಯಂತ್ರಗಳಲ್ಲಿ ‘ಡಿವೈಸ್ ಎನ್‌ಕ್ರಿಪ್ಶನ್’, ಮ್ಯಾಕ್ ಆದರೆ ಫೈಲ್‌ವಾಲ್ಟ್. ಇವು ಇಡೀ ಡಿಸ್ಕನ್ನು ಗೂಢಲಿಪಿಗೆ ತಿರುಗಿಸುತ್ತವೆ. ಲ್ಯಾಪ್‌ಟಾಪು ಬಸ್ಸಿನಲ್ಲಿ ಕಳುವಾದರೆ ಕಳ್ಳನಿಗೆ ಸಿಗುವುದು ಯಂತ್ರ ಮಾತ್ರ. ಆದರೆ ಪಾಸ್‌ವರ್ಡನ್ನು ನಾವೇ ಚೀಟಿಯಲ್ಲಿ ಬರೆಸಿ ಬಂದರೆ ಇವೂ ನಿರುಪಾಯ. ಅದಕ್ಕೆಂದೇ ಡಿಸ್ಕಿನೊಳಗೆ ಬೇರೊಂದು ಬೀಗದ ಪೆಟ್ಟಿಗೆ ಬೇಕು: ವೆರಾಕ್ರಿಪ್ಟ್, ಅಥವಾ ಸೆವೆನ್-ಜಿಪ್‌ನಲ್ಲಿ ಪಾಸ್‌ವರ್ಡ್ ಕೊಟ್ಟು ಕಟ್ಟಿದ ಗಂಟು. ಎರಡೂ ಉಚಿತ. ಇಷ್ಟು ಹೇಳಿಸಿಕೊಂಡ ಗುಟ್ಟಪ್ಪನವರು ಉತ್ಸಾಹದಿಂದ ಗಂಟು ಕಟ್ಟುತ್ತಾರೆ, ಇಪ್ಪತ್ತು ಅಕ್ಷರದ ಪಾಸ್‌ವರ್ಡ್ ಕೊಡುತ್ತಾರೆ, ಫೈಲುಗಳ ಹೆಸರೂ ಕಾಣದಿರಲೆಂದು ಅದರ ಟಿಕ್ಕನ್ನೂ ಹಾಕುತ್ತಾರೆ. ಮೂಲ ಫೈಲುಗಳು ಮಾತ್ರ ಪಕ್ಕದಲ್ಲಿ ಹಾಗೆಯೇ ಇರುತ್ತವೆ, ಯಾವುದಕ್ಕೂ ಇರಲಿ ಎಂದು. ಯಾರಾದರೂ ನೆನಪಿಸಿದರೆ ಡಿಲೀಟ್ ಒತ್ತುತ್ತಾರೆ. ಅವು ರೀಸೈಕಲ್ ಬಿನ್ನಿಗೆ ಹೋಗಿ ನೆಮ್ಮದಿಯಾಗಿ ಕೂರುತ್ತವೆ.

ಬೀಗದ ವಿರುದ್ಧ ನನಗೆ ತೂಕದ್ದೆನಿಸುವ ಆಕ್ಷೇಪ ಒಂದೇ: ಕೀಲಿ ಕಳೆದರೆ? ಬಚ್ಚಿಟ್ಟದ್ದು ಇವತ್ತಲ್ಲ ನಾಳೆ ಸಿಗುತ್ತದೆ. ಬೀಗ ಹಾಕಿದ್ದು ಪಾಸ್‌ವರ್ಡ್ ಮರೆತರೆ ಮಾಲೀಕರಿಗೂ ಇಲ್ಲ. ಗುಟ್ಟಪ್ಪನವರು ಹಠಾತ್ತನೆ ಆಸ್ಪತ್ರೆ ಸೇರಿದರೆ ಎಫ್‌ಡಿ ಪಟ್ಟಿ ಹೆಂಡತಿಗೂ ಸಿಗುವುದಿಲ್ಲ, ಆ ಪಟ್ಟಿ ಆಗ ಬೇಕಾಗುವುದು ಅವರೊಬ್ಬರಿಗೇ. ಇದಕ್ಕೆ ಕಾಗದಕ್ಕಿಂತ ಒಳ್ಳೆಯ ಉತ್ತರ ಇನ್ನೂ ಹುಟ್ಟಿಲ್ಲ. ಬಿಟ್‌ಲಾಕರ್ ತಾನಾಗಿಯೇ 48 ಅಂಕಿಯ ರಿಕವರಿ ಕೀ ಕೊಡುತ್ತದೆ. ಅದನ್ನೂ ಗಂಟಿನ ಪಾಸ್‌ವರ್ಡನ್ನೂ ಕಾಗದದ ಮೇಲೆ ಇಳಿಸಿ, ಬೀರುವಿನಲ್ಲಿ ಸೈಟಿನ ಮೂಲ ಕ್ರಯಪತ್ರದ ಜೊತೆಗಿಟ್ಟು, ಹೆಂಡತಿಗೆ ಹೇಳಿದರೆ ಮುಗಿಯಿತು. ಹೆಂಡತಿಗೆ ಹೇಳುವುದು ಎಂಬಲ್ಲಿ ಗುಟ್ಟಪ್ಪನವರು ತಡವರಿಸುತ್ತಾರೆ. ಆ ಕೀಯನ್ನು ಅದೇ ಲ್ಯಾಪ್‌ಟಾಪಿನ ‘ನ್ಯೂ ಫೋಲ್ಡರ್ (3)’ರಲ್ಲಿ ಉಳಿಸಲು ನೋಡುತ್ತಾರೆ. ಇಂಥವರು ಬರುತ್ತಾರೆಂದು ಮೈಕ್ರೋಸಾಫ್ಟಿನವರಿಗೆ ಮೊದಲೇ ಗೊತ್ತಿದ್ದಿರಬೇಕು. ಬೀಗ ಹಾಕುತ್ತಿರುವ ಡ್ರೈವಿನೊಳಗೇ ಕೀಲಿ ಇಡಲಾಗದು ಎಂದು ಬಿಟ್‌ಲಾಕರ್ ಖಡಾಖಂಡಿತವಾಗಿ ನಿರಾಕರಿಸುತ್ತದೆ. ಗುಟ್ಟಪ್ಪನವರು ಸ್ವಲ್ಪ ಯೋಚಿಸಿ, ನಲವತ್ತೆಂಟು ಅಂಕಿಗಳ ಫೋಟೊ ತೆಗೆದು ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಕೆಳಗೆ ‘ಯಾರೂ ನೋಡಬೇಡಿ’ ಎಂದು ಬರೆಯುತ್ತಾರೆ. ಮೊದಲ ಥಂಬ್ಸ್ ಅಪ್ ಭಾವಮೈದುನನದು.