ಮೂಗಿನ ತುದಿಯ ನಾಕಾ

ದೇವರು ಮೂಗು ಕೊಟ್ಟದ್ದು ಉಸಿರಾಡಲಿಕ್ಕೆ ಅಂತ ನಾನು ಬಹಳ ದಿನ ನಂಬಿದ್ದೆ. ನಿಲಂಗಾದ ನಮ್ಮ ಮಾಮಾನ ಜೊತೆ ನಾಲ್ಕು ದಿನ ಓಡಾಡಿದ ಮೇಲೆ ಗೊತ್ತಾಯಿತು, ಉಸಿರಾಟ ಅದರ ಉಪಕಸುಬು. ಹೇಸಿಗೆ ಕಂಡರೆ ಮುರಿಯುವುದು ಮೂಗು. ಮಾನಕ್ಕೆ ಕುಂದು ಬಂದರೆ ಸಿಟ್ಟು ಬಂದು ಕೂರುವುದು ಮೂಗಿನ ತುದಿಗೆ. ಮಂದಿ ನಮ್ಮ ವ್ಯವಹಾರದಲ್ಲಿ ತೂರಿಸಬಾರದ್ದೂ ಮೂಗೇ. ಮರಾಠಿಯವರದೂ ಇದೇ ಲೆಕ್ಕ: ಮುರಿಯುವುದೂ ನಾಕ್, ಕೊಯ್ಯಿಸಿಕೊಳ್ಳುವುದೂ ನಾಕ್. ಅದನ್ನೇ ಸ್ವಲ್ಪ ಎಳೆದು ಹೇಳಿದರೆ ನಾಕಾ, ಗಡಿಯಲ್ಲಿ ಗಾಡಿ ತಡೆಯುವ ಠಾಣೆ. ಮಾಮಾನ ಮುಖದಲ್ಲಿ ಎರಡೂ ಒಂದೇ ಜಾಗದಲ್ಲಿವೆ.

ಮೊದಲು ಹೇಸಿಗೆಯ ಮಾತು. ಉಮರ್ಗಾ ಬಸ್‌ಸ್ಟ್ಯಾಂಡಿನ ಎದುರು ಚಾ ಕುಡಿಯೋಣ ಅಂದೆ. "ಏ ತಮ್ಮಾ, ಕಪ್ಪು ಮೂರ್ ಸಲ ತೊಳಿ. ಮೂರನೇದು ನನ್ನ ಕಣ್ಣ ಮುಂದ ತೊಳಿ." ಹುಡುಗ ತೊಳೆದ. ಮಾಮಾ ತನ್ನ ಕರವಸ್ತ್ರದ ಒಳಮಡಿಕೆ ತೆಗೆದು ಅಂಚು ಒರೆಸಿ, ಕಪ್ಪನ್ನು ಎಡಗೈಯಲ್ಲಿ ಹಿಡಿದ. "ಮಂದಿ ಎಲ್ಲಾ ಬಲಗೈಲೆ ಹಿಡೀತಾರ, ಅವರ ತುಟಿ ಆ ಕಡಿ ಹತ್ತಿರ್ತದ. ಈ ಕಡಿ ಸೋವಳ್ಯಾ." ಮಡಿ ಅಂತ ಅರ್ಥ. ಇಂಥ ಬುದ್ಧಿಗೆ ನಾನು ತಲೆದೂಗುವಷ್ಟರಲ್ಲಿ ಎದುರು ಬೆಂಚಿನ ಹಿರಿಯರೊಬ್ಬರು ಕಣ್ಣಿಗೆ ಬಿದ್ದರು. ಅವರೂ ಎಡಗೈಯಲ್ಲೇ ಕುಡಿಯುತ್ತಿದ್ದರು. ಮಾಮಾ ಚಾ ಅಲ್ಲೇ ಬಿಟ್ಟ.

ನಾವು ಹೊರಟದ್ದಾದರೂ ಎಲ್ಲಿಗೆ? ಬಸವಕಲ್ಯಾಣಕ್ಕೆ! ಹೆದ್ದಾರಿಯಲ್ಲಿ ಒಂದು ತೂಕಡಿಕೆಯಷ್ಟು ದೂರ. ಹನ್ನೆರಡನೇ ಶತಮಾನದ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಗಂಟುಕಟ್ಟಿ ಆಚೆಗೆಸೆದ ಊರು. ಈ ಸಂಗತಿಯನ್ನು ಬಸ್ಸಿನಲ್ಲಿ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿ ಮುಟ್ಟಿ ನನಗೆ ಹೇಳಿದವನು ಮಾಮಾನೇ. "ನಮ್ಮಾಗ ಸೂತಕನ ಇಲ್ಲಪಾ!" ಅಂದ. ಬಾಯಾರಿ ಅವನ ತಂಬಿಗೆಗೆ ಕೈ ಹಾಕಿದೆ. "ಎತ್ತಿ ಕುಡಿ, ಕಚ್ಚಬ್ಯಾಡ" ಅಂದ. ಬಸ್ಸು ಅದೇ ಹೊತ್ತಿಗೆ ಗುಂಡಿಗೆ ಇಳಿಯಿತು. ನೀರೆಲ್ಲ ನನ್ನ ಮೂಗಿನೊಳಗೆ.

ಮಾಮಾ ಒಬ್ಬನನ್ನೇ ಅನ್ನಬಾರದು. ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ ಒಬ್ಬ ಸ್ಥಳೀಯ, ಡಾರ್ವಿನ್ ತಿನ್ನುತ್ತಿದ್ದ ಮಾಂಸವನ್ನು ಬೆರಳಿಂದ ಮುಟ್ಟಿ, ಅದರ ಮೆದುತನಕ್ಕೆ ಹೇಸಿದನಂತೆ. ಅವನು ಮುಟ್ಟಿದನಲ್ಲ ಅಂತ ಡಾರ್ವಿನ್ ಹೇಸಿದ. ಅವನ ಕೈ ಕೊಳೆಯಾಗಿ ಕಾಣಲಿಲ್ಲ ಅಂತ 1872ರ ಪುಸ್ತಕದಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ಮಂಗನಿಂದ ಮಾನವ ಅಂದವನ ಹತ್ತಿರವೂ ಒಂದು ತಂಬಿಗೆ ಇತ್ತು.

ಇನ್ನು ಮಾನ. 1760ರಲ್ಲಿ ಉದಗೀರದಲ್ಲಿ ಪೇಶ್ವೆಯವರಿಗೂ ನಿಜಾಮನಿಗೂ ಕದನ ನಡೆಯಿತು. ಅದೇ ಊರಲ್ಲಿ ನಮ್ಮವರ ಲಗ್ನದಲ್ಲಿ ನಡೆದದ್ದು ಎರಡನೆಯದು. ಹಿರಿಯರಿಗೆಲ್ಲ ಆಹೇರದ ಉಡುಗೊರೆ ಕೊಡುವಾಗ ಮಾಮಾನ ಪಾಲಿಗೆ ಬರೀ ಟೋಪಿ-ಟಾವೆಲ್ಲು, ಅವನ ಸಣ್ಣ ಷಡ್ಡಕನ ತಲೆಗೆ ಪೇಟಾ! ಮಾಮಾ ಉಣ್ಣದೆ ಎದ್ದ. ಮೂರು ಮಂದಿ ಅಂಗಿ ಹಿಡಿದು ಜಗ್ಗಿದ ಮೇಲೆ ಕೂತ. ಕೂತ ಮೇಲೆ ಪ್ಲಾಸ್ಟಿಕ್ಕಿನೊಳಗಿನ ಟೋಪಿ ತಿರುಗಿಸಿ ನೋಡಿದರೆ ಮೂಲೆಯಲ್ಲಿ ಕುಂಕುಮದ ಸಣ್ಣ ಚುಕ್ಕೆ. ಎರಡು ವರ್ಷದ ಹಿಂದೆ ಗುರುತಿಗೆ ಇರಲಿ ಅಂತ ತಾನೇ ಇಟ್ಟು ಬೇರೊಬ್ಬರಿಗೆ ಆಹೇರ ಮಾಡಿದ್ದ ಟೋಪಿ! ಊರೂರು ತಿರುಗಿ, ಯಾರ ತಲೆಯನ್ನೂ ಮುಟ್ಟದೆ, ಮಡಿಯಾಗಿಯೇ ಮನೆಗೆ ಬಂದಿತ್ತು.

ಮೂರನೆಯದು ಬಾಂದ. ಹೊಲದ ಬದುವಿಗೆ ಅಲ್ಲಿ ಹಾಗನ್ನುತ್ತಾರೆ. ಪಕ್ಕದ ಹೊಲದವನು ವರ್ಷಕ್ಕೆ ಎರಡು ಬೆರಳು ಬಾಂದ ಕೆರೆಯುತ್ತಾನೆಂದು ಮಾಮಾನ ತಕರಾರು. ಹೊಲ ಅಳೆಸಿ ಮೋಜಣಿ ಮಾಡಿಸಿದ, ಊರ ಲೆಕ್ಕಿಗ ತಲಾಠಿಯ ಕಚೇರಿಗೆ ಚಪ್ಪಲಿ ಸವೆಸಿದ. ಪಕ್ಕದವನದೂ ಇದೇ ತಕರಾರು. ಇಬ್ಬರ ಕೆರೆತಕ್ಕೆ ಬಾಂದ ತೆಳ್ಳಗಾಗಿ, ಈಗ ಅದರ ಮೇಲೆ ಕೋಳಿಯೂ ಅಡ್ಡಡ್ಡ ಹೆಜ್ಜೆ ಇಟ್ಟು ನಡೆಯಬೇಕು.

ಇದೇ ಮನುಷ್ಯ ಹುಟ್ಟಿದ್ದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿ. 1956ರಲ್ಲಿ ನಿಲಂಗಾ, ಉದಗೀರ, ಅಹಮದಪುರ ಮೂರೂ ತಾಲೂಕು ಬೀದರದಿಂದ ಕಳಚಿ ಮುಂಬಯಿ ರಾಜ್ಯಕ್ಕೆ ಹೋದವು. ಮಾಮಾ ಉಸ್ಮಾನಾಬಾದ್ ಜಿಲ್ಲೆಯವನಾದ. 1960ರಲ್ಲಿ ರಾಜ್ಯ ಮಹಾರಾಷ್ಟ್ರವಾಯಿತು. 1982ರಲ್ಲಿ ಜಿಲ್ಲೆ ಲಾತೂರಾಯಿತು. ಮೂರು ರಾಜ್ಯ, ಮೂರು ಜಿಲ್ಲೆ. ಅಂಗಳದ ಹೊರಸು ಮಾತ್ರ ಒಂದು ಗೇಣೂ ಕದಲಲಿಲ್ಲ. ತಲೆಯ ಮೇಲೆ ಇಷ್ಟೊಂದು ಗೆರೆ ಹರಿದಾಡಿದಾಗ ಬೇಜಾರಾಗಲಿಲ್ಲವೇ ಅಂದೆ. "ಅವು ಸರಕಾರದ ಗೆರಿ. ಬಾಂದ ನಂದು" ಅಂದ.

ಆ ಸರಕಾರದ ಗೆರೆ ಒಮ್ಮೆ ಮೂಗಿಗೇ ಬಂತು. 2021ರ ಫೆಬ್ರವರಿಯಲ್ಲಿ, ಕೊರೊನಾ ಕಾಲದಲ್ಲಿ, ಮಹಾರಾಷ್ಟ್ರದಿಂದ ಬರುವವರು 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತರಬೇಕೆಂದು ಕರ್ನಾಟಕ ಹೇಳಿತು. ಮಗಳನ್ನು ಕೊಟ್ಟದ್ದು ಗಡಿಯಾಚೆಯ ಭಾಲ್ಕಿಗೆ, ಹೋಗದೆ ಗತಿಯಿಲ್ಲ. ಯಾರ ಉಸಿರೂ ಸೋಕಬಾರದೆಂದು ಎಪ್ಪತ್ತು ವರ್ಷ ಕಾಯ್ದ ಮೂಗಿನೊಳಗೆ ಹೆಸರು ಗೊತ್ತಿಲ್ಲದ ಹುಡುಗನೊಬ್ಬ ಕಡ್ಡಿ ಹಾಕಿ ತಿರುವಿದ. ಮಾಮಾ ಇನ್ನು ಜೀವನಪೂರ್ತಿ ಕುದಿಯುತ್ತಾನೆ ಅಂದುಕೊಂಡಿದ್ದೆ.

ಮೊನ್ನೆ ಹೋದಾಗ ನೋಡಿದೆ. ಆ ವರದಿಗೆ ಲ್ಯಾಮಿನೇಷನ್ ಮಾಡಿಸಿ, ಮೋಜಣಿ ನಕಾಶೆಯ ಪಕ್ಕದಲ್ಲೇ ಗೋಡೆಗೆ ತೂಗುಹಾಕಿದ್ದಾನೆ. "ಓದು" ಅಂದ. ಓದಿದೆ. "ತಿಳೀತಿಲ್ಲೋ? ನನ್ನ ಮೂಗಿನಾಗ ಏನೂ ಇಲ್ಲಂತ ಸರಕಾರನ ಬರಕೊಟ್ಟದ. ಪೇಟಾ ಸುತ್ತಿಸಿಕೊಂಡನಲ್ಲ ಆ ಷಡ್ಡಕ, ಅವಂದು ಪಾಸಿಟಿವ್ ಬಂದಿತ್ತು!"