ಕೆಲಸಕ್ಕೆ ಬಾರದ ಕಟ್ಟಡ

ಇಂಗ್ಲೆಂಡಿನ ಶ್ರೀಮಂತರಿಗೆ ಒಂದು ಕಾಲದಲ್ಲಿ ವಿಚಿತ್ರ ಚಟವಿತ್ತು. ಬಂಗಲೆಯ ಸುತ್ತ ಕಣ್ಣು ಹಾಯುವಷ್ಟು ತೋಟ ಬೆಳೆಸುವುದು, ಅದರ ನಡುವೆ ಹೊಸದಾಗಿ ಒಂದು ಹಾಳು ಕೋಟೆ ಕಟ್ಟಿಸುವುದು! ಹ್ಯಾಗ್ಲಿ ಎಂಬಲ್ಲಿ 1747ರ ಸುಮಾರಿಗೆ ಎದ್ದ ಕೋಟೆಗೆ ನಾಲ್ಕು ಮೂಲೆಗೂ ಬುರುಜುಗಳಿವೆ. ಪೂರ್ತಿ ಇರುವುದು ಒಂದೇ; ಉಳಿದವನ್ನು ಮುರಿದಂತೆಯೇ ಕಟ್ಟಿದ್ದಾರೆ. ಹೀಗೆ ಅರ್ಧಕ್ಕೆ ನಿಲ್ಲಿಸಲು ನಮ್ಮ ಕಡೆಯ ಗೌಂಡಿಗೆ ಯಾವ ನಕ್ಷೆಯೂ ಬೇಕಿಲ್ಲ. ಮುಂಗಡ ಕೊಟ್ಟರೆ ಸಾಕು.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1750ರಲ್ಲಿ, ಬಾದಾಮಿಗೆ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆ ಬನಶಂಕರಿಯ ಈಗಿನ ಗುಡಿ ಕಟ್ಟಿಸಿದ. ದೇವಿ ಮಾತ್ರ ಚಾಲುಕ್ಯರ ಕಾಲದಿಂದಲೂ ಇಲ್ಲಿಯವಳು. ಸುತ್ತಲಿನ ಬನಕ್ಕೆ ತಿಲಕಾರಣ್ಯವೆಂದು ಹೆಸರು. ಬಿಸಿಲಿಗೆ ಕಾದ ಕೆಂಪು ಬಂಡೆಗಳನ್ನು ದಾಟಿ ಬಂದವನಿಗೆ ಇಲ್ಲಿಯ ತೆಂಗು, ಬಾಳೆ, ಎಲೆಬಳ್ಳಿ ಕಂಡರೆ ದಾರಿ ತಪ್ಪಿ ಮಲೆನಾಡಿಗೆ ಬಂದೆನೇನೋ ಎನಿಸುತ್ತದೆ. ಇಂಥ ಚೆಂದದ ಜಾಗದಲ್ಲಿ ಯಾವ ಕೆಲಸಕ್ಕೂ ಬಾರದ ಕಟ್ಟಡವೊಂದಾದರೂ ಸಿಗಬೇಕಲ್ಲ ಎಂದು ಹುಡುಕುತ್ತಾ ಹೊರಟೆ.

ಮೊದಲು ಸಿಕ್ಕಿದ್ದು ಗುಡಿಯೆದುರಿನ ಹರಿದ್ರಾತೀರ್ಥ. ವಿಶಾಲವಾದ ಚೌಕ ಹೊಂಡ, ದಂಡೆಗುಂಟ ಕಲ್ಲಿನ ಕಂಬಗಳ ಮಂಟಪ. ಇಷ್ಟು ಕಂಬ ಯಾಕೆ ಬೇಕಿತ್ತು ಎಂದು ಕೇಳುವಂತಿರಲಿಲ್ಲ, ಯಾಕೆಂದರೆ ಕಂಬಕ್ಕೊಬ್ಬರು ಒರಗಿ ನಿದ್ದೆ ಹೊಡೆಯುತ್ತಿದ್ದರು. ದಂಡೆಯ ಮೇಲೆ ಗೋಪುರವೊಂದಿದೆ, ಮೈತುಂಬ ದೀಪದ ಗೂಡುಗಳು. ಇದೇ ಸರಿ, ಶುದ್ಧ ಶೋಕಿಯ ಕಟ್ಟಡ ಎಂದುಕೊಳ್ಳುವಷ್ಟರಲ್ಲಿ ಅದರ ಮೇಲಿಂದ ಮಂಗವೊಂದು ನನ್ನ ಕೈಯ ಬಾಳೆಹಣ್ಣನ್ನು ಅಳೆದು ನೋಡುತ್ತಿತ್ತು. ಹಿಂದೆ ಅಲ್ಲಿಂದ ಕಾವಲು ಕಾಯುತ್ತಿದ್ದರಂತೆ. ಹುದ್ದೆ ಖಾಲಿ ಬಿದ್ದಿಲ್ಲ.

ನೆರಳು ಇದ್ದಲ್ಲೆಲ್ಲ ರೊಟ್ಟಿ ಬುಟ್ಟಿ. “ಉಣ್ಣಾಕ ಬರ್ರಿ ಯಪ್ಪಾ, ಕೆನಿ ಮೊಸರೈತಿ” ಎಂದು ಮುದುಕಿಯೊಬ್ಬಳು ಕೂರಿಸಿಯೇಬಿಟ್ಟಳು. ಖಡಕ್ ಸಜ್ಜಿ ರೊಟ್ಟಿ, ಅದರ ಮೇಲೆ ಶೇಂಗಾ ಹಿಂಡಿ, ಕೆಂಪು ಖಾರ, ಕಾಳಿನ ಪಲ್ಯ. ಪಕ್ಕದಲ್ಲಿ ಪುಟ್ಟ ಗಡಿಗೆಯ ಮೊಸರು, ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ. ಇಲ್ಲಿ ಕೆಲಸಕ್ಕೆ ಬಾರದ್ದು ಏನಾದರೂ ಉಂಟೇ ಎಂದು ಕೇಳಿದೆ. ಆಕೆ ನನ್ನನ್ನೇ ಒಮ್ಮೆ ಮೇಲಿಂದ ಕೆಳಗೆ ನೋಡಿ, “ಇನ್ನೊಂದ ರೊಟ್ಟಿ ಹಾಕ್ಲ್ಯಾ?” ಎಂದಳು.

ನಾನು ಹುಡುಕಿದ್ದು ಕಡೆಗೂ ಕಂಡದ್ದು ಜಾತ್ರೆಯಲ್ಲಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಜಾತ್ರೆಯದು. ಒಂದು ಕಡೆ ನಾಟಕ ಕಂಪನಿಗಳ ಮೈಕಿನ ಪೈಪೋಟಿ, ಇನ್ನೊಂದು ಕಡೆ ಬಾಗಿಲು ಚೌಕಟ್ಟುಗಳ ಪೇಟೆ. ಬಯಲಿನಲ್ಲಿ ಸಾಲುಸಾಲು ಬಾಗಿಲುಗಳು ನೆಟ್ಟಗೆ ನಿಂತಿವೆ. ಗೋಡೆಯಿಲ್ಲ, ಮಾಡಿಲ್ಲ, ಹಿಂದೆ ಮನೆಯೂ ಇಲ್ಲ. ಹೊಸ್ತಿಲು ದಾಟಿದರೆ ಮತ್ತದೇ ಬಯಲು. ಯಾವ ದೊರೆಯ ತೋಟಕ್ಕೂ ಇಂಥದ್ದು ಹೊಳೆದಿರಲಿಕ್ಕಿಲ್ಲ. ಆದರೆ ನಾನು ನೋಡುನೋಡುತ್ತಿದ್ದಂತೆ ಒಬ್ಬ ಗೌಡರು ಲಲಾಟಪಟ್ಟಿಯ ಕೆತ್ತನೆ ಸವರಿ, ರೇಟು ಮುರಿದು, ಎರಡು ಬಾಗಿಲನ್ನು ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಹೋಗಿಯೇಬಿಟ್ಟರು.

ಬನದ ಹುಣ್ಣಿಮೆ ಬರುವುದು ಪುಷ್ಯ ಮಾಸದಲ್ಲಿ. ಬಾಗಿಲು ಬೇಕಾದವರು ಆಗ ಹೋಗಿ. ಗೋಡೆಯನ್ನು ಆಮೇಲೆ ಕಟ್ಟಿಸಿದರಾಯಿತು.